ನೆನಪುಳ್ಳ ಲೋಹ: ಹಗುರ ಡ್ರೋನ್‌ಗಳಲ್ಲಿ ಆಕಾರಸ್ಮೃತಿ ಮಿಶ್ರಲೋಹದ ಬಳಕೆ

2021ರ ಅಕ್ಟೋಬರ್ 4ರಂದು ಮಣಿಪುರದ ಬಿಷ್ಣುಪುರ ಜಿಲ್ಲಾ ಆಸ್ಪತ್ರೆಯಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೋವಿಡ್ ಲಸಿಕೆಯನ್ನು ಡ್ರೋನ್ ಮೂಲಕ ಕಳುಹಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯೊಂದರ ಅಂಗವಾಗಿ ಈ ಹಾರಾಟ ನಡೆಯಿತು. ನೆಲದ ದಾರಿಯಲ್ಲಿ 26 ಕಿ.ಮೀ. ಆಗುವ ಈ ಅಂತರ ಆಕಾಶಮಾರ್ಗದಲ್ಲಿ ಸುಮಾರು 15 ಕಿ.ಮೀ. ಮಾತ್ರ. ಅದನ್ನು ಕ್ರಮಿಸಲು ಡ್ರೋನ್‌ಗೆ 12ರಿಂದ 15 ನಿಮಿಷಗಳು ಸಾಕಾದವು. ದೋಣಿ, ಬಸ್ಸುಗಳನ್ನು ಕಾಯುವ ಜನರಿಗೆ ಈ ಕೆಲವು ನಿಮಿಷಗಳ ಬೆಲೆ ಏನೆಂಬುದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇಂತಹ ಹಾರಾಟಗಳ ಯಶಸ್ಸು ಬಹುಮಟ್ಟಿಗೆ ಒಂದು ಸರಳ ಲೆಕ್ಕವನ್ನು ಅವಲಂಬಿಸಿದೆ. ಅದು ಭಾರದ ಲೆಕ್ಕ. ಡ್ರೋನ್ ತನ್ನ ದೇಹ, ಬ್ಯಾಟರಿ, ಮೋಟಾರು ಹಾಗೂ ಸರಕು ಇವೆಲ್ಲವನ್ನೂ ತಾನೇ ಹೊತ್ತು ಹಾರಬೇಕು. ಯಂತ್ರಾಂಗಗಳಲ್ಲಿ ಹೆಚ್ಚಾದ ಪ್ರತಿ ಗ್ರಾಂ ಭಾರವೂ ಔಷಧದ ಪಾಲಿನಿಂದಲೋ ಹಾರಾಟದ ಅವಧಿಯಿಂದಲೋ ಕಳೆದುಹೋಗುತ್ತದೆ. ಭಾರತ ಸರ್ಕಾರದ 2021ರ ಡ್ರೋನ್ ನಿಯಮಗಳು ಡ್ರೋನ್‌ಗಳನ್ನು ವಿಂಗಡಿಸುವುದು ಸಹ ತೂಕದ ಆಧಾರದ ಮೇಲೆಯೇ. 250 ಗ್ರಾಂ ಮೀರದವು ನ್ಯಾನೋ, ಅಲ್ಲಿಂದ 2 ಕಿಲೋಗ್ರಾಂವರೆಗಿನವು ಮೈಕ್ರೋ, 25 ಕಿಲೋಗ್ರಾಂವರೆಗಿನವು ಸಣ್ಣ ಡ್ರೋನ್‌ಗಳು ಎನಿಸುತ್ತವೆ. 250 ಗ್ರಾಂ ತೂಕದ ಯಂತ್ರದಲ್ಲಿ ಹತ್ತು ಗ್ರಾಂ ಉಳಿತಾಯವೆಂದರೆ ಅಲ್ಪವಲ್ಲ.

ಸರಕಿನ ಪೆಟ್ಟಿಗೆಯನ್ನು ಹಿಡಿದಿಟ್ಟು ತಕ್ಕ ಸ್ಥಳದಲ್ಲಿ ಬಿಡುವ ಕೊಂಡಿ, ಕ್ಯಾಮೆರಾದ ಮುಚ್ಚಳ, ಮಡಿಚುವ ಕಾಲು, ರೆಕ್ಕೆಯ ಅಂಚು ಮುಂತಾದ ಸಣ್ಣ ಅಂಗಗಳನ್ನು ಚಲಿಸುವಂತೆ ಮಾಡುವ ಉಪಕರಣಕ್ಕೆ ಚಾಲಕ ಸಾಧನ ಅಥವಾ ಆಕ್ಚುಯೇಟರ್ ಎಂದು ಹೆಸರು. ಸಾಮಾನ್ಯವಾಗಿ ಈ ಕೆಲಸಕ್ಕೆ ಹಲ್ಲುಚಕ್ರಗಳುಳ್ಳ ಪುಟ್ಟ ಸರ್ವೋ ಮೋಟಾರನ್ನು ಬಳಸುತ್ತಾರೆ. ಅದರ ಬದಲು ಕೂದಲೆಳೆಯಷ್ಟು ತೆಳುವಾದ ಲೋಹದ ತಂತಿಯೊಂದೇ ಈ ಕೆಲಸವನ್ನು ಮಾಡಬಲ್ಲುದೆ? ಕೆಲವೆಡೆ ಮಾಡಬಲ್ಲುದು, ಕೆಲವೆಡೆ ಮಾಡಲಾರದು. ಈ ಎರಡರ ನಡುವಣ ಗಡಿಯನ್ನು ಗುರುತಿಸುವುದೇ ಪ್ರಸ್ತುತ ಪಾಠದ ಉದ್ದೇಶ.

ಲೋಹದ ನೆನಪು ಬೆಳಕಿಗೆ ಬಂದ ಬಗೆ

ಬಗ್ಗಿಸಿದ ಲೋಹವನ್ನು ಕಾಯಿಸಿದಾಗ ಅದು ತನ್ನ ಮೊದಲಿನ ಆಕಾರಕ್ಕೆ ಮರಳುವ ಗುಣವನ್ನು ಆಕಾರಸ್ಮೃತಿ ಎನ್ನುತ್ತಾರೆ. ಚಿನ್ನ ಮತ್ತು ಕ್ಯಾಡ್ಮಿಯಂಗಳ ಮಿಶ್ರಲೋಹದಲ್ಲಿ ರಬ್ಬರಿನಂತಹ ವರ್ತನೆಯನ್ನು ಸ್ವೀಡನ್ನಿನ ಆರ್ನೆ ಓಲಾಂಡರ್ 1932ರಲ್ಲಿಯೇ ಗುರುತಿಸಿದ್ದರು. ಆದರೆ ದುಬಾರಿಯಾದ ಚಿನ್ನ, ವಿಷಕಾರಿಯಾದ ಕ್ಯಾಡ್ಮಿಯಂ ಇವೆರಡೂ ಯಂತ್ರೋದ್ಯಮಕ್ಕೆ ಒಗ್ಗುವ ವಸ್ತುಗಳಾಗಿರಲಿಲ್ಲ.

ಬಳಕೆಗೆ ಬರಬಲ್ಲ ಲೋಹ ದೊರೆತುದು ಬಹುಪಾಲು ಆಕಸ್ಮಿಕವಾಗಿ. ಅಮೆರಿಕದ ನೌಕಾ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹವಿಜ್ಞಾನಿ ಕ್ಷಿಪಣಿಗಳ ಮೂತಿಗೆ ತಕ್ಕ, ಶಾಖವನ್ನು ತಾಳಬಲ್ಲ ವಸ್ತುವೊಂದನ್ನು ಹುಡುಕುತ್ತಿದ್ದರು. ನಿಕಲ್ ಮತ್ತು ಟೈಟಾನಿಯಂಗಳನ್ನು ಹೆಚ್ಚುಕಡಿಮೆ ಸಮಸಂಖ್ಯೆಯ ಪರಮಾಣುಗಳಲ್ಲಿ ಬೆರೆಸಿದ ಲೋಹ ಅವರ ಗಮನ ಸೆಳೆಯಿತು. ಪದೇಪದೇ ಬಗ್ಗಿಸಿದರೂ ಮುರಿಯದ ಅದರ ಗುಣವನ್ನು ತೋರಿಸಲೆಂದು 1961ರ ಸಭೆಯೊಂದಕ್ಕೆ ಪದರಪದರವಾಗಿ ಮಡಿಸಿದ ಪಟ್ಟಿಯೊಂದನ್ನು ಕಳುಹಿಸಲಾಗಿತ್ತು. ಅದು ಕೈಯಿಂದ ಕೈಗೆ ಸಾಗುತ್ತಿದ್ದಾಗ ಸಭೆಯಲ್ಲಿದ್ದ ಹಿರಿಯ ವಿಜ್ಞಾನಿಯೊಬ್ಬರು ತಮ್ಮ ಪೈಪಿನ ಲೈಟರಿನಿಂದ ಅದಕ್ಕೆ ಶಾಖ ಕೊಟ್ಟರು. ಮಡಿಸಿದ ಪಟ್ಟಿ ಎಲ್ಲರ ಕಣ್ಣೆದುರಿಗೇ ನೆಟ್ಟಗಾಯಿತು. ನಿಕಲ್, ಟೈಟಾನಿಯಂ ಮತ್ತು ಆ ಪ್ರಯೋಗಾಲಯ ಈ ಮೂರರ ಆದ್ಯಕ್ಷರಗಳಿಂದ ಆ ಲೋಹಕ್ಕೆ ನಿಟಿನಾಲ್ ಎಂಬ ಹೆಸರು ಬಂದಿತು. ಅದರ ಒಳಗುಟ್ಟನ್ನು ಬಿಡಿಸುವ ಕಾರ್ಯದಲ್ಲಿ ಫ್ರೆಡರಿಕ್ ವಾಂಗ್ ಅವರು ಬ್ಯೂಲರ್ ಅವರ ಜೊತೆಗೂಡಿದರು.

ಒಳಗಿನ ರಚನೆ

ನಿಟಿನಾಲಿನಲ್ಲಿ ಪರಮಾಣುಗಳು ಎರಡು ಬಗೆಯಾಗಿ ಜೋಡಣೆಗೊಳ್ಳಬಲ್ಲವು. ಬಿಸಿಯಾಗಿರುವಾಗ ಅವು ಘನಾಕಾರದ ಅಚ್ಚುಕಟ್ಟಾದ ಜಾಲವಾಗಿ ನಿಲ್ಲುತ್ತವೆ. ಇದು ಆಸ್ಟೆನೈಟ್ ಸ್ಥಿತಿ. ತಣಿದಾಗ ಆ ಜಾಲ ಓರೆಯಾಗಿ ವಾಲುತ್ತದೆ. ಇದು ಮಾರ್ಟೆನ್ಸೈಟ್ ಸ್ಥಿತಿ. ಲೋಹವಿಜ್ಞಾನಿಗಳಾದ ಇಂಗ್ಲೆಂಡಿನ ರಾಬರ್ಟ್ಸ್-ಆಸ್ಟೆನ್ ಮತ್ತು ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಇವರ ಹೆಸರುಗಳಿಂದ ಈ ಪದಗಳು ಬಂದಿವೆ.

ಈ ಬದಲಾವಣೆಯನ್ನು ತಿಳಿಯಲು ಅಂಗಡಿಯ ಮುಂದಿನ ಮಡಿಸುವ ಕಬ್ಬಿಣದ ಗೇಟನ್ನು ನೆನಪಿಗೆ ತಂದುಕೊಳ್ಳಬಹುದು. ಗೇಟನ್ನು ಎಳೆದಾಗ ಅಡ್ಡಪಟ್ಟಿಗಳೆಲ್ಲ ಒಟ್ಟಿಗೆ ಓರೆಯಾಗುತ್ತವೆ, ಗೇಟಿನ ಅಗಲವೂ ಬದಲಾಗುತ್ತದೆ. ಆದರೆ ಯಾವ ಪಟ್ಟಿಯೂ ತನ್ನ ಪಕ್ಕದ ಪಟ್ಟಿಯಿಂದ ಕಳಚಿಕೊಳ್ಳುವುದಿಲ್ಲ. ಆದುದರಿಂದ ಗೇಟು ಮತ್ತೆ ಮೊದಲಿನಂತಾಗಬಲ್ಲದು. ಸಾಮಾನ್ಯ ಉಕ್ಕಿನ ತಂತಿಯನ್ನು ಬಲವಾಗಿ ಬಗ್ಗಿಸಿದಾಗ ಪರಮಾಣುಗಳು ನೆರೆಯನ್ನು ಬಿಟ್ಟು ಜಾರಿ ಹೊಸ ಜಾಗ ಹಿಡಿಯುತ್ತವೆ. ಹಿಂದಿರುಗುವ ದಾರಿ ಅವಕ್ಕೆ ಉಳಿಯುವುದಿಲ್ಲ. ತಣ್ಣಗಿನ ನಿಟಿನಾಲನ್ನು ಬಗ್ಗಿಸಿದಾಗಲಾದರೋ ಪರಮಾಣುಗಳು ನೆರೆಯನ್ನು ಬಿಡದೆ, ವಾಲುವ ದಿಕ್ಕನ್ನು ಮಾತ್ರ ಬದಲಿಸುತ್ತವೆ. ಶಾಖ ತಗುಲಿದೊಡನೆ ಎಲ್ಲವೂ ನೆಟ್ಟಗೆ ನಿಲ್ಲುತ್ತವೆ. ಲೋಹದ ಮೊದಲಿನ ಆಕಾರ ಮರಳಿ ಬರುತ್ತದೆ.

ಯಾವ ಆಕಾರವನ್ನು ನೆನಪಿಡಬೇಕೆಂಬುದನ್ನು ಲೋಹಕ್ಕೆ ಮೊದಲೇ ಕಲಿಸಬೇಕು. ಬೇಕಾದ ಆಕಾರದಲ್ಲಿ ಅದನ್ನು ಬಿಗಿಯಾಗಿ ಹಿಡಿದು ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ನಿಮಿಷ ಇರಿಸಿ ತಣಿಸುತ್ತಾರೆ. ಯಾವ ಉಷ್ಣತೆಯಲ್ಲಿ ನೆನಪು ಎಚ್ಚರಗೊಳ್ಳಬೇಕೆಂಬುದನ್ನು ನಿಕಲ್ ಮತ್ತು ಟೈಟಾನಿಯಂಗಳ ಪ್ರಮಾಣ ನಿರ್ಧರಿಸುತ್ತದೆ. ಈ ಪ್ರಮಾಣದಲ್ಲಿ ಶೇಕಡ ಒಂದರಷ್ಟು ವ್ಯತ್ಯಾಸವಾದರೂ ಆ ಉಷ್ಣತೆ ನೂರು ಡಿಗ್ರಿಗಳಷ್ಟು ಸರಿಯಬಹುದು. ಆದಕಾರಣ ಈ ಲೋಹವನ್ನು ಕರಗಿಸಿ ಎರಕ ಹೊಯ್ಯುವ ಕೆಲಸ ಬಹಳ ಎಚ್ಚರಿಕೆಯನ್ನು ಬೇಡುತ್ತದೆ.

ತಂತಿ ಕೆಲಸ ಮಾಡುವ ಕ್ರಮ

ಡ್ರೋನ್‌ಗಳಲ್ಲಿ ಈ ಲೋಹವನ್ನು ಹೆಚ್ಚಾಗಿ ತಂತಿಯ ರೂಪದಲ್ಲಿ ಬಳಸುತ್ತಾರೆ. ತಂತಿಯ ಮೂಲಕ ವಿದ್ಯುತ್ತನ್ನು ಹರಿಸಿದರೆ ಇಸ್ತ್ರಿಪೆಟ್ಟಿಗೆಯ ಸುರುಳಿ ಬಿಸಿಯಾಗುವಂತೆಯೇ ಅದೂ ಬಿಸಿಯಾಗಿ, ಉದ್ದದಲ್ಲಿ ಕುಗ್ಗಿ, ತನಗೆ ಕಟ್ಟಿದ ವಸ್ತುವನ್ನು ಎಳೆಯುತ್ತದೆ. ಬೇರೆ ಕಾವಲಿಯಾಗಲಿ ಹಲ್ಲುಚಕ್ರವಾಗಲಿ ಬೇಕಿಲ್ಲ. ತಂತಿಯೇ ಕಾವಲಿ, ತಂತಿಯೇ ಸ್ನಾಯು.

ವಿದ್ಯುತ್ತನ್ನು ನಿಲ್ಲಿಸಿದಾಗ ತಂತಿ ತಣಿದು ಮೃದುವಾಗುತ್ತದೆ, ಆದರೆ ತಾನಾಗಿ ಪೂರ್ತಿ ಉದ್ದಕ್ಕೆ ಹಿಗ್ಗುವುದಿಲ್ಲ. ಅದನ್ನು ಎಳೆದು ಹಿಗ್ಗಿಸಲು ಎದುರು ಬದಿಯಲ್ಲಿ ಒಂದು ಸ್ಪ್ರಿಂಗ್ ಇರಲೇಬೇಕು. ಸ್ಪ್ರಿಂಗಿನ ಬದಲು ಇನ್ನೊಂದು ತಂತಿಯನ್ನೂ ಇಡಬಹುದು. ಆಗ ತೋಳನ್ನು ಮಡಿಸುವ ಮತ್ತು ನೀಡುವ ಎರಡು ಸ್ನಾಯುಗಳಂತೆ ಅವು ಸರದಿಯ ಮೇಲೆ ಕೆಲಸ ಮಾಡುತ್ತವೆ.

ಇನ್ನೊಂದು ಅನುಕೂಲವೂ ಉಂಟು. ಒಳಗಿನ ರಚನೆ ಬದಲಾದಂತೆ ತಂತಿಯ ವಿದ್ಯುತ್ ರೋಧವೂ ಬದಲಾಗುತ್ತದೆ. ಅದನ್ನು ಅಳೆದು, ತಂತಿ ಎಷ್ಟು ಕುಗ್ಗಿದೆ ಎಂಬುದನ್ನು ನಿಯಂತ್ರಕ ಯಂತ್ರ ಊಹಿಸಬಲ್ಲುದು; ಅಷ್ಟರಮಟ್ಟಿಗೆ ಪ್ರತ್ಯೇಕ ಸಂವೇದಕದ ಭಾರ ಉಳಿಯುತ್ತದೆ.

ಒಂದು ಲೆಕ್ಕ

ವಿಷಯವನ್ನು ಅಂಕಿಗಳಲ್ಲಿ ನೋಡೋಣ. 0.15 ಮಿ.ಮೀ. ವ್ಯಾಸದ, 10 ಸೆಂ.ಮೀ. ಉದ್ದದ ನಿಟಿನಾಲ್ ತಂತಿಯೊಂದನ್ನು ತೆಗೆದುಕೊಳ್ಳೋಣ. ಈ ಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ 6.45 ಗ್ರಾಂ. ಅದರಂತೆ ತಂತಿಯ ತೂಕ ಸುಮಾರು 11 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ನೂರನೆಯ ಒಂದು ಭಾಗ ಮಾತ್ರ. ಇಂತಹ ತಂತಿ ಸುಮಾರು 320 ಗ್ರಾಂ ಭಾರವನ್ನು ಎಳೆಯಬಲ್ಲುದು. ತನ್ನ ತೂಕದ ಇಪ್ಪತ್ತೈದು ಸಾವಿರ ಪಟ್ಟಿಗಿಂತಲೂ ಹೆಚ್ಚಿನ ಭಾರವಿದು.

ಆದರೆ ಎಳೆಯುವ ದೂರ ಅಲ್ಪ. ಉದ್ದದ ಶೇಕಡ 4ರಷ್ಟು ಕುಗ್ಗಿದರೆ ಅದು 4 ಮಿ.ಮೀ. ಮಾತ್ರ. ಒಂದಕ್ಕೆ ಐದರ ಸನ್ನೆಕೋಲನ್ನು ಜೋಡಿಸಿದರೆ ಚಲನೆ 20 ಮಿ.ಮೀ. ಆಗುತ್ತದೆ, ಎಳೆತ 64 ಗ್ರಾಂಗೆ ಇಳಿಯುತ್ತದೆ. ಪುಟ್ಟ ಚಿಲಕವೊಂದನ್ನು ಸರಿಸಲು ಇದು ಸಾಕು. ತಂತಿಯ ತುದಿಗಳನ್ನು ಹಿಡಿಯುವ ಲೋಹದ ಹಿಡಿಕೆ, ಸ್ಪ್ರಿಂಗ್, ಸನ್ನೆಕೋಲು, ವಿದ್ಯುತ್ ಸ್ವಿಚ್ಚು ಇವೆಲ್ಲ ಸೇರಿದರೂ ಜಾಣತನದಿಂದ ರಚಿಸಿದ ಕೊಂಡಿ ಎರಡು ಮೂರು ಗ್ರಾಂ ಒಳಗೆ ನಿಲ್ಲಬಲ್ಲುದು. ಇದೇ ಕೆಲಸಕ್ಕೆ ಬಳಸುವ ಸಾಮಾನ್ಯ ಸಣ್ಣ ಸರ್ವೋ ಮೋಟಾರೊಂದೇ ಸುಮಾರು 9 ಗ್ರಾಂ ತೂಗುತ್ತದೆ.

ಇನ್ನು ಶಕ್ತಿಯ ವೆಚ್ಚ. ಈ ತಂತಿಗೆ ಸುಮಾರು 0.4 ಆಂಪಿಯರ್ ವಿದ್ಯುತ್ತನ್ನು ಒಂದು ಸೆಕೆಂಡು ಹರಿಸಬೇಕು. ಅದರಿಂದ ಖರ್ಚಾಗುವುದು ಸುಮಾರು 0.9 ಜೌಲ್, ದೊರೆಯುವ ಕೆಲಸ 0.0126 ಜೌಲ್. ದಕ್ಷತೆ ಶೇಕಡ ಒಂದೂವರೆಯನ್ನೂ ಮುಟ್ಟುವುದಿಲ್ಲ. ಉಳಿದುದೆಲ್ಲ ಶಾಖವಾಗಿ ಗಾಳಿಯ ಪಾಲಾಗುತ್ತದೆ. ಇದೊಂದು ದೊಡ್ಡ ಕೊರತೆಯೇ ಸರಿ. ಆದರೆ 250 ಗ್ರಾಂ ತೂಕದ ಡ್ರೋನ್ ಗಾಳಿಯಲ್ಲಿ ನಿಂತಿರಲು ಹಲವು ಹತ್ತು ವಾಟ್ ವಿದ್ಯುತ್ತು ಬೇಕು. ಇಡೀ ಹಾರಾಟದಲ್ಲಿ ಒಮ್ಮೆಯೋ ಎರಡು ಬಾರಿಯೋ ತೆರೆಯುವ ಕೊಂಡಿಗೆ ಒಂದು ಜೌಲ್ ಖರ್ಚಾಯಿತೆಂದರೆ ಅದು ಲೆಕ್ಕಕ್ಕೆ ಬಾರದ ಮಾತು. ಅದೇ ತಂತಿ ಇಪ್ಪತ್ತು ನಿಮಿಷ ಬಿಡದೆ ಎಳೆದು ಹಿಡಿದಿರಬೇಕಾದರೆ ವೆಚ್ಚ ಸಾವಿರ ಜೌಲ್ ಮೀರಬಹುದು. ಆದುದರಿಂದ ತಂತಿಯ ಕೆಲಸ ಕೊಂಡಿಯನ್ನು ಬಿಡಿಸುವುದು ಮಾತ್ರವಾಗಿರಬೇಕು, ಹಿಡಿದಿಡುವ ಕೆಲಸವನ್ನು ಸ್ಪ್ರಿಂಗ್ ಮತ್ತು ಚಿಲಕಗಳೇ ನಿರ್ವಹಿಸಬೇಕು.

ತಣಿಯುವುದೇ ತೊಡಕು

ತಂತಿಯನ್ನು ಬಿಸಿಮಾಡುವುದು ನಮ್ಮ ಕೈಯಲ್ಲಿದೆ; ಹೆಚ್ಚು ವಿದ್ಯುತ್ತು ಹರಿಸಿದರೆ ಅದು ಬೇಗ ಬಿಸಿಯಾಗುತ್ತದೆ. ತಣಿಸುವುದು ಮಾತ್ರ ಗಾಳಿಯ ಕೈಯಲ್ಲಿದೆ. 0.15 ಮಿ.ಮೀ. ತಂತಿ ನಿಶ್ಚಲ ಗಾಳಿಯಲ್ಲಿ ತಣಿಯಲು ಸುಮಾರು ಎರಡು ಸೆಕೆಂಡು ಬೇಕು. 0.5 ಮಿ.ಮೀ. ತಂತಿಗೆ ಸುಮಾರು ಹದಿನೈದು ಸೆಕೆಂಡು ಬೇಕಾಗುತ್ತದೆ. ಕಾರಣ ಸ್ಪಷ್ಟ: ವ್ಯಾಸ ಇಮ್ಮಡಿಯಾದರೆ ಶಾಖವನ್ನು ಹೊರಬಿಡುವ ಮೈ ಇಮ್ಮಡಿಯಾಗುತ್ತದೆ, ಶಾಖವನ್ನು ತುಂಬಿಕೊಂಡ ಒಡಲು ನಾಲ್ಮಡಿಯಾಗುತ್ತದೆ. ದೊಡ್ಡ ಪಾತ್ರೆಯ ಹಾಲು ತಡವಾಗಿ ಆರುವುದೂ, ಬಟ್ಟಲಿನ ಹಾಲು ಬೇಗ ಆರುವುದೂ ಇದೇ ನಿಯಮದಿಂದ.

ಇದಕ್ಕೆ ಪರಿಹಾರವೂ ಇದೇ ನಿಯಮದಲ್ಲಿ ಅಡಗಿದೆ. 0.3 ಮಿ.ಮೀ. ತಂತಿಯೊಂದರ ಬದಲು 0.15 ಮಿ.ಮೀ. ತಂತಿಗಳು ನಾಲ್ಕನ್ನು ಜೊತೆಯಾಗಿ ಕಟ್ಟಿದರೆ ಎಳೆತ ಅಷ್ಟೇ ಇರುತ್ತದೆ, ತೂಕವೂ ಅಷ್ಟೇ; ತಣಿಯುವ ವೇಳೆ ಮಾತ್ರ ಬಹಳ ಕಡಿಮೆಯಾಗುತ್ತದೆ. ರೆಕ್ಕೆಯಿಂದ ಬೀಸುವ ಗಾಳಿಯನ್ನೂ ತಣಿಸಲು ಬಳಸಿಕೊಳ್ಳಬಹುದು. ಆದರೆ ಆ ಗಾಳಿ ಬಿಸಿಯಾಗುವ ಹೊತ್ತಿನಲ್ಲಿಯೂ ಶಾಖವನ್ನು ಕದಿಯುವುದರಿಂದ ವಿದ್ಯುತ್ತು ಹೆಚ್ಚು ಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಏನೇ ಮಾಡಿದರೂ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮೋಟಾರಿನ ಸ್ಥಾನವನ್ನು ಈ ತಂತಿ ತುಂಬಲಾರದು. ಗಾಳಿಯ ಹೊಡೆತಕ್ಕೆ ಕ್ಷಣಕ್ಷಣವೂ ಉತ್ತರ ಕೊಡಬೇಕಾದ ಅಂಗಗಳಿಗೂ ಅದು ತಕ್ಕುದಲ್ಲ.

ಬೇಸಗೆಯ ಪರೀಕ್ಷೆ

ನಮ್ಮ ದೇಶದ ಮಟ್ಟಿಗೆ ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇಲ್ಲಿದೆ. ನಿಟಿನಾಲ್ ತಂತಿ ಹೋಗುವ ದಾರಿ ಬೇರೆ, ಹಿಂದಿರುಗುವ ದಾರಿ ಬೇರೆ. ಮಾರುಕಟ್ಟೆಯಲ್ಲಿ 70 ಡಿಗ್ರಿಯ ತಂತಿ ಎಂದು ದೊರೆಯುವುದು ಸರಿಸುಮಾರು 68 ಡಿಗ್ರಿಯಲ್ಲಿ ಕುಗ್ಗಲು ಆರಂಭಿಸುತ್ತದೆ. ಆದರೆ ಅದು ಪೂರ್ತಿಯಾಗಿ ಹಿಗ್ಗಬೇಕಾದರೆ ಸುಮಾರು 42 ಡಿಗ್ರಿಯವರೆಗೆ ತಣಿಯಬೇಕು. ದೆಹಲಿಯ ಬಿಸಿಗಾಳಿಯ ದಿನಗಳಲ್ಲಿ ನೆರಳಿನಲ್ಲಿಯೇ ಉಷ್ಣತೆ 45 ಡಿಗ್ರಿ ಮುಟ್ಟುವುದುಂಟು. ಅಂತಹ ದಿನ ಒಮ್ಮೆ ತೆರೆದ ಕೊಂಡಿ ಪುನಃ ಸರಿಯಾಗಿ ಮುಚ್ಚಿಕೊಳ್ಳದೆ ಹೋಗಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಮೈಯ ಡ್ರೋನ್‌ನ ಒಳಗೆ ಶಾಖ ಇನ್ನೂ ಏರಿದರೆ, ಯಾರೂ ಆಜ್ಞೆ ಕೊಡದೆಯೇ ತಂತಿ ಕುಗ್ಗತೊಡಗುವ ಅಪಾಯವೂ ಇದೆ. ಜನವಸತಿಯ ಮೇಲೆ ಹಾರುವಾಗ ಪೆಟ್ಟಿಗೆ ಕಳಚಿ ಬಿದ್ದರೆ ಆಗುವ ಹಾನಿ ಊಹಿಸಬಹುದಾದದ್ದೇ.

ಆದಕಾರಣ ಉಷ್ಣಪ್ರದೇಶದಲ್ಲಿ 90 ಡಿಗ್ರಿಯ ತಂತಿಯನ್ನು ಆರಿಸಿಕೊಳ್ಳುವುದು ಕ್ಷೇಮ. ಅದು ಸುಮಾರು 88 ಡಿಗ್ರಿಯಲ್ಲಿ ಎಚ್ಚರಗೊಂಡು 62 ಡಿಗ್ರಿಗೆ ಇಳಿಯುವಷ್ಟರಲ್ಲಿ ಪೂರ್ವಸ್ಥಿತಿಗೆ ಬರುತ್ತದೆ. ಹೆಚ್ಚು ಬಿಸಿಯಿಂದ ಗಾಳಿಗೆ ಇಳಿಯುವುದರಿಂದ ಬೇಗ ತಣಿಯುವ ಲಾಭವೂ ಅದಕ್ಕುಂಟು. ಇದರ ಜೊತೆಗೆ ಮೂರು ಎಚ್ಚರಿಕೆಗಳು ಅಗತ್ಯ.

ಮೊದಲನೆಯದು, ವಿದ್ಯುತ್ತು ಕಡಿದುಹೋದರೆ ಕೊಂಡಿ ಮುಚ್ಚಿದ ಸ್ಥಿತಿಯಲ್ಲಿಯೇ ಉಳಿಯುವಂತೆ ರಚಿಸಬೇಕು.

ಎರಡನೆಯದು, ತಂತಿ ಕುಗ್ಗಿದ ಕೂಡಲೇ ವಿದ್ಯುತ್ತು ತಾನಾಗಿ ನಿಲ್ಲುವ ಏರ್ಪಾಡಿರಬೇಕು. ಅತಿಯಾಗಿ ಕಾದ ತಂತಿ ಕಲಿತ ಪಾಠವನ್ನು ಮರೆತುಬಿಡುತ್ತದೆ. ತಂತಿಯ ತುದಿಗಳನ್ನು ಬೆಸುಗೆ ಹಾಕದೆ ಒತ್ತುಹಿಡಿಕೆಗಳಿಂದ ಬಿಗಿಯುವುದು ವಾಡಿಕೆ. ಅದಕ್ಕೂ ಇದು ಒಂದು ಕಾರಣ.

ಮೂರನೆಯದು, ಲೋಹದ ದಣಿವು. ಪ್ರತಿ ಸಲವೂ ಪೂರ್ಣ ಮಿತಿಯವರೆಗೆ ದುಡಿಸಿದ ತಂತಿ ಕೆಲವು ಸಾವಿರ ಬಾರಿಯ ನಂತರ ಸಡಿಲಗೊಳ್ಳಬಹುದು ಅಥವಾ ತುಂಡಾಗಬಹುದು. ಶೇಕಡ 2 ಅಥವಾ 3ರಷ್ಟು ಕುಗ್ಗುವಿಕೆಗೆ ತೃಪ್ತಿಪಟ್ಟು, ಭಾರವನ್ನೂ ಇಳಿಸಿದರೆ ಅದರ ಆಯುಷ್ಯ ಹಲವು ಪಟ್ಟು ಹೆಚ್ಚುತ್ತದೆ.

ಹಾರಾಟದಲ್ಲಿ ನಡೆದ ಪ್ರಯೋಗಗಳು

ವಿಮಾನೋದ್ಯಮಕ್ಕೆ ಈ ಲೋಹ ಹೊಸದೇನಲ್ಲ. ಅಮೆರಿಕದ ಎಫ್-14 ಯುದ್ಧವಿಮಾನದ ತೈಲದ ಕೊಳವೆಗಳನ್ನು ಜೋಡಿಸಲು ನೆನಪುಳ್ಳ ಲೋಹದ ತೋಳುಗಳನ್ನು 1970ರ ಸುಮಾರಿನಲ್ಲಿಯೇ ಬಳಸಲಾಯಿತು. ಅತಿ ಶೀತದಲ್ಲಿ ಹಿಗ್ಗಿಸಿದ ತೋಳು ಸಾಮಾನ್ಯ ಉಷ್ಣತೆಗೆ ಬಂದಾಗ ಕುಗ್ಗಿ, ಕೊಳವೆಗಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಇದೇ ತತ್ತ್ವದ ಜೋಡಣೆಗಳನ್ನು ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ನಿಕಲ್, ಟೈಟಾನಿಯಂ ಮತ್ತು ಕಬ್ಬಿಣಗಳ ಮಿಶ್ರಲೋಹದಿಂದ ನಮ್ಮ ತೇಜಸ್ ಲಘು ಯುದ್ಧವಿಮಾನಕ್ಕಾಗಿ ಅಭಿವೃದ್ಧಿಪಡಿಸಿತು.

1997ರ ಜುಲೈ 4ರಂದು ಮಂಗಳ ಗ್ರಹಕ್ಕೆ ಇಳಿದ ಪಾಥ್‌ಫೈಂಡರ್ ನೌಕೆಯ ಸೋಜರ್ನರ್ ಬಂಡಿಯಲ್ಲಿ ಸೌರಕೋಶದ ಮೇಲೆ ಕೂರುವ ಧೂಳನ್ನು ಅಳೆಯುವ ಉಪಕರಣವಿತ್ತು. ಅದರ ಗಾಜಿನ ಮುಚ್ಚಳವನ್ನು ಸರಿಸಲು ನಿಟಿನಾಲ್ ತಂತಿಯನ್ನೇ ಆರಿಸಿಕೊಂಡಿದ್ದರು. ಕೆಲಸ ಚಿಕ್ಕದು, ಅವಸರವಿಲ್ಲದ್ದು, ತೂಕ ಮಾತ್ರ ಅತಿ ಕಡಿಮೆ ಇರಬೇಕಾದದ್ದು. ಹಗುರ ಡ್ರೋನ್‌ನ ಕೊಂಡಿಯ ಅಗತ್ಯವೂ ಹೆಚ್ಚುಕಡಿಮೆ ಇದೇ.

ಪೈಲಟ್ ಇಲ್ಲದ ವಿಮಾನದಲ್ಲಿ ಈ ಲೋಹದ ಗಮನಾರ್ಹ ಪರೀಕ್ಷೆ ನಡೆದುದು ಅಮೆರಿಕದ ನಾಸಾ ಸಂಸ್ಥೆಯ ಆರ್ಮ್‌ಸ್ಟ್ರಾಂಗ್ ಹಾರಾಟ ಸಂಶೋಧನಾ ಕೇಂದ್ರದಲ್ಲಿ. ದೂರದಿಂದ ನಡೆಸುವ ಪ್ಟೆರಾ ಎಂಬ ಪ್ರಾಯೋಗಿಕ ವಿಮಾನದ ರೆಕ್ಕೆಗಳ ತುದಿಭಾಗವನ್ನು ಹಾರಾಟದ ನಡುವೆಯೇ ಮೇಲಕ್ಕೂ ಕೆಳಕ್ಕೂ ಮಡಿಸಲಾಯಿತು. ಮಡಿಕೆಯ ಕೋನ 70 ಡಿಗ್ರಿಯವರೆಗೆ ಇತ್ತು. ಸಾಂಪ್ರದಾಯಿಕ ವ್ಯವಸ್ಥೆಗಿಂತ ಶೇಕಡ 80ರವರೆಗೆ ಭಾರ ಕಡಿಮೆಯಾಗಬಹುದೆಂದು ನಾಸಾ 2018ರ ಜನವರಿಯಲ್ಲಿ ಪ್ರಕಟಿಸಿತು. ರೆಕ್ಕೆಯ ತುದಿ ಮಡಿಯುವುದು ಹಾರಾಟದಲ್ಲಿ ಕೆಲವೇ ಬಾರಿ, ಅದೂ ನಿಧಾನವಾಗಿ. ಲೋಹದ ಸ್ವಭಾವಕ್ಕೆ ಹೊಂದುವ ಕೆಲಸವನ್ನೇ ಅದಕ್ಕೆ ವಹಿಸಿದ್ದು ಇಲ್ಲಿಯ ಜಾಣ್ಮೆ.

ಗಾತ್ರ ಕುಗ್ಗಿದಷ್ಟೂ ಈ ಲೋಹದ ಬಲ ಎದ್ದು ಕಾಣುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಕೇವಲ 88 ಮಿಲಿಗ್ರಾಂ ತೂಕದ, ತೆವಳುವ ಯಂತ್ರಕೀಟವೊಂದನ್ನು ಪ್ರಕಟಪಡಿಸಿದರು. ಅದರಲ್ಲಿ ಬ್ಯಾಟರಿಯೇ ಇಲ್ಲ. ಪ್ಲಾಟಿನಂ ಲೇಪಿಸಿದ ನಿಟಿನಾಲ್ ತಂತಿಯ ಮೇಲೆ ಮೆಥನಾಲ್ ಆವಿ ಉರಿದು, ಆ ಶಾಖದಿಂದಲೇ ಅದರ ಕಾಲುಗಳು ಚಲಿಸುತ್ತವೆ. ಅಷ್ಟು ತೆಳುವಾದ ತಂತಿ ಬೇಗ ತಣಿಯುವುದರಿಂದ, ದೊಡ್ಡ ಯಂತ್ರದಲ್ಲಿ ಕೊರತೆಯೆನಿಸಿದ ಗುಣ ಅಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ.

ಭಾರತದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ನಿಕಲ್-ಟೈಟಾನಿಯಂ ಮಿಶ್ರಲೋಹಗಳ ತಯಾರಿಕೆ ಮತ್ತು ಬಳಕೆಗಳ ಮೇಲೆ ಸಂಶೋಧನೆ ನಡೆಸಿದೆ. ಬ್ಲ್ಯಾಕ್ ಕೈಟ್ ಮುಂತಾದ, ಸುಮಾರು 300 ಮಿ.ಮೀ. ಗಾತ್ರದ ಅತಿ ಚಿಕ್ಕ ಮಾನವರಹಿತ ವಿಮಾನಗಳೂ ಅದೇ ಸಂಸ್ಥೆಯಲ್ಲಿ ರೂಪುಗೊಂಡವು. ಲೋಹದ ತಿಳಿವಳಿಕೆ ಮತ್ತು ಚಿಕ್ಕ ವಿಮಾನದ ತಿಳಿವಳಿಕೆ ಎರಡೂ ಒಂದೇ ಸೂರಿನಡಿ ಇರುವುದು ಮುಂದಿನ ಪ್ರಯತ್ನಗಳಿಗೆ ಆಧಾರವಾಗಬಲ್ಲುದು.

ಉಪಸಂಹಾರ

ಹೊಸ ವಸ್ತುವೊಂದು ಬಂದಾಗ ಅದು ಹಳೆಯದನ್ನೆಲ್ಲ ಹಿಂದಕ್ಕೆ ತಳ್ಳುವುದೆಂಬ ನಿರೀಕ್ಷೆ ಸಹಜ. ಆಕಾರಸ್ಮೃತಿ ಮಿಶ್ರಲೋಹದ ವಿಷಯದಲ್ಲಿ ಆ ನಿರೀಕ್ಷೆ ಸಲ್ಲದು. ವೇಗ ಮತ್ತು ಎಡೆಬಿಡದ ಚಲನೆ ಬೇಕಾದೆಡೆ ಮೋಟಾರೇ ಸಮರ್ಥ. ಚಲನೆ ಚಿಕ್ಕದಾಗಿದ್ದು, ಅಪರೂಪಕ್ಕೊಮ್ಮೆ ನಡೆಯುವಂತಿದ್ದು, ಒಂದೆರಡು ಸೆಕೆಂಡು ಕಾಯಲು ಅಡ್ಡಿಯಿಲ್ಲದೆಡೆ ತಂತಿಯನ್ನು ನಂಬಬಹುದು. ಯಾವುದೇ ಯಂತ್ರಾಂಗಕ್ಕೆ ಅದನ್ನು ಆರಿಸುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಎಷ್ಟು ಭಾರ ಎಳೆಯಬೇಕು? ಎಷ್ಟು ದೂರ? ಎಷ್ಟು ಬಾರಿ? ತಣಿಯಲು ವೇಳೆ ಉಂಟೆ? ಸುತ್ತಲಿನ ಬಿಸಿಲು ಎಷ್ಟು?

ಇವುಗಳಿಗೆ ಸರಿಯಾದ ಉತ್ತರ ದೊರೆತಲ್ಲಿ ಹನ್ನೊಂದು ಮಿಲಿಗ್ರಾಂ ತಂತಿ ಒಂಬತ್ತು ಗ್ರಾಂ ಮೋಟಾರಿನ ಕೆಲಸವನ್ನು ನಿರ್ವಹಿಸುತ್ತದೆ. ಉಳಿದ ಗ್ರಾಂಗಳು ಲಸಿಕೆಯ ಪೆಟ್ಟಿಗೆಗೆ ಸಲ್ಲುತ್ತವೆ. ದ್ವೀಪದಲ್ಲಿ ಕಾಯುತ್ತಿರುವವರಿಗೆ ಮುಖ್ಯವಾದುದು ಅದೇ.